ಹೊಟ್ಟೆ ಬಂದಿದೆ, ಕಸುವಿದೆಯೇ? ಮನೆಯ ಹಿರಿಯರನ್ನು ಹೀಗೆ ಪರೀಕ್ಷಿಸಿ

ಮೂಡಿಗೆರೆ, ಆಲ್ದೂರು, ಸಕಲೇಶಪುರ ಕಡೆಯ ಲೈನ್ ಮನೆಗಳಲ್ಲಿ, ಅಂದರೆ ತೋಟದ ಕೆಲಸಗಾರರ ಸಾಲು ಮನೆಗಳಲ್ಲಿ, ಕಾಫಿ ಹಣ್ಣು ಕುಯ್ದೇ ವಯಸ್ಸಾದ ಹೆಂಗಸರನ್ನು ಗಮನಿಸಿದ್ದೀರಾ? ಎಷ್ಟೋ ಜನರಿಗೆ ತೋಳು, ಕಾಲು ಸೊರಗಿವೆ, ಸೊಂಟ ಮಾತ್ರ ದಪ್ಪ. ‘ಮೈ ಕೈ ತುಂಬಿಕೊಂಡಿದೆ, ಆರಾಮಾಗಿದ್ದಾರೆ’ ಎಂದು ನಾವು ಸುಮ್ಮನಾಗುತ್ತೇವೆ. ಬೊಜ್ಜು ಎಂದರೆ ಸಿರಿವಂತರ ಕಾಯಿಲೆ ಎಂಬ ನಂಬಿಕೆ ಅಷ್ಟು ಗಟ್ಟಿ. ಆದರೆ ಬೊಜ್ಜು ಮತ್ತು ನಿತ್ರಾಣ ಒಂದೇ ಮೈಯಲ್ಲಿ ಸೇರಬಹುದು. ಬಡತನ, ಓದಿಲ್ಲದಿರುವುದು, ಒಂಟಿತನ ಇರುವ ಕಡೆ ಈ ಜೋಡಿ ಹೆಚ್ಚು ಕಾಣುತ್ತದೆ.

ಐವತ್ತು ದಾಟಿದ ಮೇಲೆ ವರ್ಷಕ್ಕೆ ಸುಮಾರು ಶೇ 1ರಿಂದ 2ರಷ್ಟು ಸ್ನಾಯು ಕರಗುತ್ತದೆ. ಆ ಜಾಗವನ್ನು ಕೊಬ್ಬು ತುಂಬಿದರೆ ತಕ್ಕಡಿಯಲ್ಲಿ ತೂಕ ಬದಲಾಗುವುದೇ ಇಲ್ಲ. ಹಾಗಾಗಿ ತೂಕವೊಂದನ್ನೇ ನಂಬಬೇಡಿ.

ಮೊದಲು ಟೇಪು ಹಿಡಿಯಿರಿ

ಟೈಲರ್ ಟೇಪು ಸಾಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ ಅಳೆಯಿರಿ. ನಮ್ಮ ದೇಶದವರಿಗೆ ಹೆಂಗಸರಲ್ಲಿ 80 ಸೆಂ.ಮೀ., ಗಂಡಸರಲ್ಲಿ 90 ಸೆಂ.ಮೀ. ದಾಟಿದರೆ ಹೊಟ್ಟೆಯ ಬೊಜ್ಜು ಎಂದು ಲೆಕ್ಕ. ಆಮೇಲೆ ಮೀನಖಂಡದ ದಪ್ಪನೆಯ ಜಾಗ ಅಳೆಯಿರಿ. ಹೆಂಗಸರಿಗೆ 33, ಗಂಡಸರಿಗೆ 34 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಸ್ನಾಯು ಸವೆದಿರುವ ಅನುಮಾನ. ಕಾಲು ಊದಿಕೊಂಡಿದ್ದರೆ ಈ ಅಳತೆಯನ್ನು ನಂಬುವಂತಿಲ್ಲ.

ಕುರ್ಚಿಯಿಂದ ಐದು ಸಲ ಏಳಿಸಿ

ಕೈ ಇಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಎರಡೂ ಕೈ ಎದೆಗೆ ಕಟ್ಟಿಕೊಂಡು ಐದು ಸಲ ಎದ್ದು ಕೂರಲಿ. ನೀವು ಪಕ್ಕದಲ್ಲೇ ನಿಂತು ಮೊಬೈಲಿನಲ್ಲಿ ಸಮಯ ನೋಡಿ. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಕಾಲಿನ ಕಸುವು ಕುಂದಿದೆ. ತಲೆಸುತ್ತು ಬರುವವರಿಗೆ, ಈಚೆಗೆ ಆಪರೇಷನ್ ಆದವರಿಗೆ ಇದು ಬೇಡ.

ಐದು ಗುರುತು

ಅಮೆರಿಕದ ವೈದ್ಯೆ ಲಿಂಡಾ ಫ್ರೀಡ್ ಮತ್ತು ಸಂಗಡಿಗರು 2001ರಲ್ಲಿ ನಿತ್ರಾಣಕ್ಕೆ ಐದು ಗುರುತು ಹೇಳಿದರು: ವರ್ಷದಲ್ಲಿ ತಾನಾಗಿಯೇ ನಾಲ್ಕೂವರೆ ಕೆ.ಜಿ. ಇಳಿಯುವುದು, ಸದಾ ಸುಸ್ತು, ಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಮೂರಿದ್ದರೆ ನಿತ್ರಾಣ, ಒಂದೋ ಎರಡೋ ಇದ್ದರೆ ಆ ದಾರಿಯಲ್ಲಿದ್ದಾರೆ ಎಂದರ್ಥ. ಆದಾಯ ಮತ್ತು ಓದು ಕಡಿಮೆ ಇದ್ದವರಲ್ಲೇ ಇದು ಹೆಚ್ಚು ಎಂಬುದು ಆ ಅಧ್ಯಯನದಲ್ಲೂ ಕಂಡಿತು.

‘ಸುಸ್ತಾಗುತ್ತಾ’ ಎಂದು ನೇರ ಕೇಳಿದರೆ ದುಡಿದು ಬದುಕಿದವರು ಇಲ್ಲ ಎಂದೇ ಹೇಳುತ್ತಾರೆ. ಕೆಲಸ ಹಿಡಿದು ಕೇಳಿ. ‘ಅಜ್ಜಿ, ಕೊಡ ಎತ್ತೋಕಾಗುತ್ತಾ? ಬಸ್ಸಿನ ಕಂಬಿ ಹಿಡ್ಕೊಂಡು ಹತ್ತುತೀರಾ?’ ‘ಯಾರಾದ್ರೂ ಕೈ ಕೊಟ್ರೆ ಹತ್ತುತೀನಿ ಕಣವ್ವ’ ಎಂದರೆ ಉತ್ತರ ಸಿಕ್ಕ ಹಾಗೆ.

ತಟ್ಟೆ ನೋಡಿ, ಮನೆ ನೋಡಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದೇ, ಬಹಳ ಜನ ಬಿಟ್ಟುಬಿಡುವುದೂ ಇದನ್ನೇ. ರೇಷನ್ ಅಕ್ಕಿಯ ಅನ್ನ, ನೀರು ಸಾರು, ಉಪ್ಪಿನಕಾಯಿ, ಮೂರು ಹೊತ್ತು ಸಕ್ಕರೆ ಹಾಕಿದ ಟೀ. ಹೊಟ್ಟೆ ತುಂಬುತ್ತದೆ, ಸ್ನಾಯುವಿಗೆ ಏನೂ ಸಿಗುವುದಿಲ್ಲ. ಹಲ್ಲು ಬಿದ್ದವರು ಕಾಳು, ಕಡಲೆಕಾಯಿ, ಮಾಂಸ ಬಿಟ್ಟಿರುತ್ತಾರೆ. ಮಕ್ಕಳು ಬೆಂಗಳೂರು ಸೇರಿದ ಮೇಲೆ ಒಬ್ಬರಿಗಾಗಿ ಯಾರು ಒಲೆ ಹಚ್ಚುತ್ತಾರೆ? ಬೆಳಗಿನ ಅನ್ನವೇ ರಾತ್ರಿಗೂ.

‘ದಿನಾ ವಾಕಿಂಗ್ ಮಾಡಿ’ ಎನ್ನುವುದು ಸುಲಭ. ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ಆನೆ ಓಡಾಡುವ ಹಾದಿಯಲ್ಲಿ ಬೆಳಗಿನ ಜಾವ ವಯಸ್ಸಾದವರು ಹೇಗೆ ಹೊರಡುತ್ತಾರೆ? ಮಳೆಗಾಲದಲ್ಲಿ ಜಾರುವ ಇಳಿಜಾರಿನಲ್ಲಿ ಬಿದ್ದರೆ ಸೊಂಟದ ಮೂಳೆ ಮುರಿದೀತು. ಇಂಥವರಿಗೆ ಸೋಮಾರಿತನದ ಮಾತು ಆಡುವುದು ಅನ್ಯಾಯ. ಮನೆಯೊಳಗೇ ಕುರ್ಚಿಯಿಂದ ಏಳುವುದು, ಬಾಗಿಲ ಚೌಕಟ್ಟು ಹಿಡಿದು ಹಿಮ್ಮಡಿ ಎತ್ತುವುದು, ಹತ್ತತ್ತು ಸಲದಿಂದ ಶುರು ಮಾಡಿಸಿ. ವಾರಕ್ಕೆ ಮೂರು ದಿನವಾದರೂ ಆಗಲಿ.

ಊಟ ಕಡಿಮೆ ಮಾಡಿಸಬೇಡಿ

ಹೊಟ್ಟೆ ಕರಗಲಿ ಎಂದು ರಾತ್ರಿ ಊಟ ಬಿಡಿಸಿದರೆ ಮೊದಲೇ ಕಡಿಮೆ ಇರುವ ಸ್ನಾಯುವೂ ಕರಗುತ್ತದೆ. ಅನ್ನದ ಪಾಲು ತಗ್ಗಿಸಿ, ಕಾಳಿನ ಪಾಲು ಏರಿಸಿ. ವಯಸ್ಸಾದವರಿಗೆ ದೇಹದ ತೂಕದ ಕೆ.ಜಿ.ಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂದು ತಜ್ಞರು ಹೇಳುತ್ತಾರೆ. ಐವತ್ತು ಕೆ.ಜಿ. ಇದ್ದವರಿಗೆ 50ರಿಂದ 60 ಗ್ರಾಂ. ನೂರು ಗ್ರಾಂ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ ಇದೆ, ಒಂದು ಮೊಟ್ಟೆಯಲ್ಲಿ ಆರು, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಹಲ್ಲಿಲ್ಲದವರಿಗೆ ಹುರುಳಿ ಬೇಯಿಸಿ ಅರೆದು ಸಾರು ಮಾಡಿ, ಹುರಿಗಡಲೆ ಪುಡಿಯನ್ನು ರಾಗಿ ಗಂಜಿಗೆ ಬೆರೆಸಿ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿಯೇ ಬದಲಿಸಬೇಕು.

ಕಾಗದಪತ್ರವೂ ಔಷಧಿಯೇ

ಕಾಳು, ಮೊಟ್ಟೆಗೆ ದುಡ್ಡು ಬೇಕು. ಅರ್ಹರಾದ 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ಅರ್ಜಿ ನಾಡಕಚೇರಿಯಲ್ಲಿ. ದುಡಿದು ಬೆರಳಿನ ಗೆರೆ ಸವೆದವರ ಬೆರಳಚ್ಚು ಹೊಂದದೆ ರೇಷನ್ ತಪ್ಪುವುದುಂಟು. ಜೊತೆಗೊಬ್ಬರು ಹೋಗಿ ಆಧಾರ್ ಸರಿ ಮಾಡಿಸಿ. ಯಾರೂ ಇಲ್ಲದವರು ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.

ಮೂರು ತಿಂಗಳಿಗೊಮ್ಮೆ ಮತ್ತೆ ಅಳೆದು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಆದರೆ ತೂಕ ತಾನಾಗಿಯೇ ಇಳಿಯುತ್ತಿದ್ದರೆ, ಬಿದ್ದಿದ್ದರೆ, ಮೂರು ಗುರುತು ಕಂಡಿದ್ದರೆ ಅಷ್ಟು ದಿನ ಕಾಯಬೇಡಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಜಿಲ್ಲಾ ಆಸ್ಪತ್ರೆಗೋ ಕರೆದುಕೊಂಡು ಹೋಗಿ, ಸಕ್ಕರೆ, ಥೈರಾಯ್ಡ್, ರಕ್ತಹೀನತೆ, ಕ್ಷಯದ ಪರೀಕ್ಷೆ ಬೇಕೇ ಎಂದು ಕೇಳಿ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಜೊತೆಗೆ ಒಯ್ಯಿರಿ.