ಶಾಮೊನಿಯಲ್ಲಿ ಹೋಟೆಲ್ ಆರಿಸಿದ ಬಗೆ: ನನ್ನ ಅನುಭವ

ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀ ಆಟದ ಊರಿಗೆ ಹೋಗುವಾಗ ನಾನು ಮೊದಲು ನೋಡುವುದು ಹೋಟೆಲಿನ ಲಾಬಿ. ರೂಮು ಆಮೇಲೆ. ಜನವರಿಯಲ್ಲಿ ಆಲ್ಪ್ಸ್ ಕಡೆ ಸಂಜೆ ನಾಲ್ಕೂವರೆ ಹೊತ್ತಿಗೆಲ್ಲ ಜನರನ್ನು ಇಳಿಜಾರಿನ ಮೇಲಕ್ಕೆ ಒಯ್ಯುವ ಲಿಫ್ಟ್‌ಗಳು ನಿಲ್ಲುತ್ತವೆ, ಸ್ವಲ್ಪ ಹೊತ್ತಿಗೇ ಕತ್ತಲಾಗುತ್ತದೆ. ಮಲಗುವ ತನಕ ಎಲ್ಲಿ ಕೂರುವುದು? ಲವಲವಿಕೆಯ ಲಾಬಿ ಇದ್ದರೆ ಆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ.

ಫ್ರಾನ್ಸಿನ ಶಾಮೊನಿಗೆ ಹೊರಟಾಗ ನಮ್ಮ ಜೊತೆ ಮಾವನವರೂ ಇದ್ದರು. ಅವರು ಸ್ಕೀ ಮಾಡುವವರಲ್ಲ, ಪಕ್ಕಾ ಸಸ್ಯಾಹಾರಿ. ಹಾಗಾಗಿ ಜಾಗ ಬಹಳ ಮುಖ್ಯವಾಯಿತು. 1924ರಲ್ಲಿ ಮೊದಲ ಚಳಿಗಾಲದ ಒಲಿಂಪಿಕ್ಸ್ ನಡೆದ ಊರು ಇದು, ಆದರೆ ಸ್ಕೀ ಮಾಡುವ ಇಳಿಜಾರುಗಳೆಲ್ಲ ಒಂದೇ ಕಡೆ ಇಲ್ಲ. ಬ್ರೆವಾಂ ಅನ್ನುವ ಇಳಿಜಾರು ಊರಿನ ಮೇಲೇ ಇದೆ. ಗ್ರಾಂ ಮೊಂತೆಗೆ ಅರ್ಜಾಂತಿಯೇರ್ ಅನ್ನುವ ಹಳ್ಳಿ ತನಕ ಹೋಗಬೇಕು. ಲೆ ಉಶ್ ಅನ್ನುವ ಹಳ್ಳಿ ಇನ್ನೊಂದು ದಿಕ್ಕಿಗೆ. ಲೆ ಉಶ್‌ನಲ್ಲಿ ಬಣ್ಣಬಣ್ಣದ, ಆಟದ ಮೇಜುಗಳಿರುವ ರಾಕಿಪಾಪ್ ಅನ್ನುವ ಹೋಟೆಲ್ ಕಂಡಿತು. ಹುಡುಗರ ಗುಂಪಿಗೆ ಅದು ಚೆನ್ನ. ನಮಗೆ ಮಾವನವರು ಒಬ್ಬರೇ ನಡೆದು ಪೇಟೆ ಸುತ್ತುವಂತಿರಬೇಕಿತ್ತು. ಅದಕ್ಕೇ ಎಗ್ವೀ ದ್ಯು ಮಿದಿ ಶಿಖರಕ್ಕೆ ಹೋಗುವ ಕೇಬಲ್ ಕಾರ್ ಹತ್ತಿರ, ಶಾಮೊನಿಯಲ್ಲೇ, ಹೊಸ ಕಾಲದ ಒಂದು ಹೋಟೆಲ್ ಹಿಡಿದೆವು. ಹೋಟೆಲಿನವರು ಕೊಟ್ಟ ಅತಿಥಿ ಕಾರ್ಡ್ ತೋರಿಸಿ ಕಣಿವೆಯ ಬಸ್ಸಿನಲ್ಲಿ ಪುಕ್ಕಟೆ ಓಡಾಡಿದೆವು.

ಬುಕ್ ಮಾಡುವ ಮೊದಲು ಇಮೇಲ್‌ನಲ್ಲಿ ನೇರವಾಗಿ ಕೇಳಿದೆ. ಬಾರ್‌ನಲ್ಲಿ ಸಂಗೀತ ಎಷ್ಟು ಗಂಟೆವರೆಗೆ? ಅದರ ಮೇಲಿನ ರೂಮು ಬೇಡ, ಹಿಂಬದಿಯಲ್ಲಿ ಎತ್ತರದ ಮಹಡಿ ಸಿಗುತ್ತಾ? ಸ್ಕೀ ಸಾಮಾನು ಇಡುವ ರೂಮಿನಲ್ಲಿ ಬೂಟು ಒಣಗಿಸುವ ಯಂತ್ರ ಇದೆಯಾ? ಇದನ್ನು ದಯವಿಟ್ಟು ಮರೆಯಬೇಡಿ. ಒದ್ದೆ ಬೂಟಿಗೆ ಬೆಳಗ್ಗೆ ಕಾಲು ತೂರಿಸುವುದು ನಿಜವಾದ ಹಿಂಸೆ. ಲಾಬಿಯ ಚೆಂದದ ಕುರ್ಚಿಗಿಂತ ಬೆಚ್ಚಗಿನ ಬೂಟು ದೊಡ್ಡದು.

ಊಟದ ವಿಷಯ ಬಿಡಿಸಿ ಕೇಳಬೇಕು. ಅಲ್ಲಿನ ಹೆಸರುವಾಸಿ ತಾರ್ತಿಫ್ಲೆಟ್ ಆಲೂಗಡ್ಡೆ, ಚೀಸ್ ಅಂತ ಕಂಡರೂ ಅದರಲ್ಲಿ ಹಂದಿ ಮಾಂಸದ ತುಂಡುಗಳಿರುತ್ತವೆ. ಕರಗಿಸಿದ ಚೀಸಿಗೆ ಬ್ರೆಡ್ ಅದ್ದಿ ತಿನ್ನುವ ಫಾಂಡ್ಯೂಗೆ ವೈನ್ ಹಾಕುತ್ತಾರೆ. ರಾತ್ರಿ ಊಟ ಸೇರಿಸಿದ ಪ್ಯಾಕೇಜ್ ಬಿಟ್ಟು, ಬೆಳಗಿನ ತಿಂಡಿ ಮಾತ್ರ ಇಟ್ಟುಕೊಂಡೆವು.

ನಾವು ಸ್ಕೀಗೆ ಹೋದಾಗ ಮಾವನವರು ಕೇಬಲ್ ಕಾರ್ ಹತ್ತಿ 3,842 ಮೀಟರ್ ಎತ್ತರದ ಶಿಖರ ನೋಡಿ ಬಂದರು. ಸಂಜೆ ಲಾಬಿಯ ಬೆಂಕಿ ಮುಂದೆ ಯಾರ ಜೊತೆಗೋ ಚೆಸ್ ಆಡುತ್ತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಇಂಥ ಹೋಟೆಲಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ನನಗೆ ಬೇಸರವಿಲ್ಲ.

ದಿನಾಂಕ ನಿಮ್ಮ ಕೈಯಲ್ಲಿದ್ದರೆ ಹೊಸ ವರ್ಷದ ಗದ್ದಲ ಮುಗಿದ ಮೇಲಿನ ಜನವರಿ ಹಿಡಿಯಿರಿ. ಫೆಬ್ರವರಿಯಲ್ಲಿ ಫ್ರಾನ್ಸಿನ ಶಾಲೆಗಳಿಗೆ ರಜೆ ಬರುತ್ತದೆ, ಆಗ ಬಾಡಿಗೆಯೂ ಏರುತ್ತದೆ, ಲಿಫ್ಟ್ ಮುಂದಿನ ಸಾಲೂ ಬೆಳೆಯುತ್ತದೆ.