ಮೀನಿನ ತೊಟ್ಟಿಯ ಪಾಚಿಗೆ ತುಕ್ಕಿನ ಮದ್ದು

ನನ್ನ 100 ಲೀಟರ್ ಮೀನಿನ ತೊಟ್ಟಿಯ ಗಾಜನ್ನು ಎಷ್ಟು ಉಜ್ಜಿದರೂ ಮೂರೇ ದಿನಕ್ಕೆ ಪಾಚಿ ಮತ್ತೆ ಹಾಜರು. ಪಾಚಿಗೆ ಗೊಬ್ಬರವಾಗುವ ಫಾಸ್ಫೇಟ್ ನೀರಿನಲ್ಲಿ ಎಷ್ಟಿದೆ ಎಂದು ಪರೀಕ್ಷಿಸಿದೆ: ಲೀಟರಿಗೆ 2 ಮಿಲಿಗ್ರಾಂ, ಪರೀಕ್ಷಾ ನಳಿಕೆಯಲ್ಲಿ ಕಡು ನೀಲಿ. ನೀಲಿ ಗಾಢವಾದಷ್ಟೂ ಫಾಸ್ಫೇಟ್ ಹೆಚ್ಚು. ಮೀನಿಗೆ ಆಹಾರ ಹಾಕುವಾಗ ನನ್ನ ಕೈ ಸ್ವಲ್ಪ ಧಾರಾಳ. ಮಿಕ್ಕ ಆಹಾರ ಕೊಳೆತು ಫಾಸ್ಫೇಟ್ ಬಿಡುತ್ತದೆ; ತಪ್ಪು ಅಲ್ಲೇ ಇತ್ತು.

ಕಬ್ಬಿಣದ ಆಕ್ಸೈಡ್ ಹರಳು ತಂದೆ. ನೋಡಲು ಒರಟು ತುಕ್ಕಿನಂತೆಯೇ. ಅದರ ಮೇಲ್ಮೈಯಲ್ಲಿರುವ ಹೈಡ್ರಾಕ್ಸಿಲ್ ಗುಂಪುಗಳನ್ನು (ಆಮ್ಲಜನಕ-ಹೈಡ್ರೋಜನ್ ಜೋಡಿಗಳನ್ನು) ಹೊರದಬ್ಬಿ ಫಾಸ್ಫೇಟ್ ತಾನು ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ. ಆತುರದಲ್ಲಿ ತೊಳೆಯದೆ ಹಾಕಿಬಿಟ್ಟೆ. ತೊಟ್ಟಿಯ ನೀರು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು! ಅರ್ಧ ನೀರು ಬದಲಿಸಿ, ಹರಳನ್ನು ತಿಳಿನೀರು ಬರುವವರೆಗೆ ಬಕೆಟ್ಟಿನಲ್ಲಿ ಜಾಲಿಸಿ, ಬಲೆಚೀಲದಲ್ಲಿ ಕಟ್ಟಿ ಮೂಲೆಯಲ್ಲಿಟ್ಟೆ. ವಾರವಾದರೂ ನೀಲಿ ಕದಲಲಿಲ್ಲ. ಒಂದು ಹನಿ ಬಣ್ಣ ಬಿಟ್ಟು ನೋಡಿದಾಗ ತಿಳಿಯಿತು: ನೀರು ಚೀಲವನ್ನು ಬಳಸಿಕೊಂಡು ಹೋಗುತ್ತಿತ್ತು, ಒಳಗೆ ನುಗ್ಗುತ್ತಿರಲಿಲ್ಲ.

ಫಿಲ್ಟರ್ ಡಬ್ಬಿಯಲ್ಲಿ, ಸ್ಪಂಜಿನ ನಂತರ, ನೀರು ಹಾಯಲೇಬೇಕಾದ ಕಡೆ ತೆಳುವಾಗಿ ಹರಡಿದೆ. ನಾಲ್ಕನೆಯ ದಿನ 0.25.

ಹತ್ತು ದಿನಕ್ಕೆ ಸ್ವಲ್ಪ ಏರಿತು. ತಳದ ಜಲ್ಲಿಯ ಕಸದಲ್ಲಿದ್ದದ್ದು ಹೊರಬಂದಿರಬೇಕು. ಹರಳು ಫಾಸ್ಫೇಟಿನಿಂದ ತುಂಬಿದ್ದು ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಈಗ ಪ್ರತಿ ಭಾನುವಾರ ನಳಿಕೆ ಹಿಡಿಯುತ್ತೇನೆ. ಆಹಾರಕ್ಕೆ ಚಿಕ್ಕ ಚಮಚ ಬಂದಿದೆ.