ಒಡೆದ ಎಂಜಿನ್ ಬ್ಲಾಕಿಗೆ ಹೊಲಿಗೆ: ನನ್ನ ಅನುಭವ

"ಬೀಡಿಗೆ ಹೊಲಿಗೆ ಹಾಕ್ತೀರಾ ಮಾರಾಯ್ರೆ?" ಅಂತ ಮಲ್ಪೆಯಲ್ಲಿ ನಕ್ಕವರು ಜಾಸ್ತಿ. ಬೀಡು ಅಂದರೆ ಎಂಜಿನ್ ಬ್ಲಾಕಿನ ಎರಕದ ಕಬ್ಬಿಣ; ಅದರ ಬಿರುಕನ್ನು ವೆಲ್ಡಿಂಗ್ ಇಲ್ಲದೆ, ಲೋಹದ ತುಂಡು ಕೂರಿಸಿ ಮುಚ್ಚುವುದೇ ಹೊಲಿಗೆ. ನಾನು ಹಾಗೆ ಹೊಲಿದುಕೊಟ್ಟ ಟ್ರಾಲ್ ಬೋಟು ಈಗ ಇಡೀ ಸೀಸನ್ ಮುಗಿಸಿ ಬಂದಿದೆ. ಬ್ಲಾಕ್ ಒಂದು ಹನಿಯೂ ಜಿನುಗಿಲ್ಲ.

ಆರು ಸಿಲಿಂಡರಿನ ಎಂಜಿನ್, 350 ಎಚ್‌ಪಿ ಇರಬೇಕು. ಸಮುದ್ರದ ನೀರೆಳೆಯುವ ಪೈಪಿಗೆ ಪ್ಲಾಸ್ಟಿಕ್ ಸಿಕ್ಕಿ ಕಾದಿದೆ. ಗಾಬರಿಯಲ್ಲಿ ಯಾರೋ ತಣ್ಣೀರು ಸುರಿದಿದ್ದಾರೆ. ವಾಟರ್ ಜಾಕೆಟಿನ (ಬ್ಲಾಕನ್ನು ತಂಪಿಡುವ ನೀರು ಓಡುವ ಜಾಗ) ಹೊರಗೋಡೆ ಬಿರಿಯಿತು. ಎಪಾಕ್ಸಿ ಅಂಟು ಮೆತ್ತಿದರು, ಒಂದೇ ಟ್ರಿಪ್ಪಿಗೆ ಎದ್ದು ಬಂತು. ಆಮೇಲೆ ನಿಕ್ಕಲ್ ರಾಡಿನಲ್ಲಿ ವೆಲ್ಡಿಂಗ್. ಬೀಡನ್ನು ವೆಲ್ಡ್ ಮಾಡುವಾಗ ಪಕ್ಕ ಬಿರಿಯದಿರಲು ಸಮನಾಗಿ ಕಾಯಿಸಬೇಕು, ಬೋಟಿನೊಳಗೆ ಕೂತ ಬ್ಲಾಕಿಗೆ ಅದು ಆಗುವ ಮಾತಲ್ಲ. ವೆಲ್ಡ್ ನಿಂತಿತು, ಅದರ ಪಕ್ಕಕ್ಕೇ ಹೊಸ ಬಿರುಕು! ಮಾಲೀಕರ 20 ಸಾವಿರ ಹೋಯಿತು. ಹೊಸ ಬ್ಲಾಕ್ ಅಂದರೆ ಕೂಲಿ ಸೇರಿ 4 ಲಕ್ಷದ ಮಾತು.

ಜೂನ್-ಜುಲೈ ಮೀನುಗಾರಿಕೆ ನಿಷೇಧದಲ್ಲಿ ನನಗೆ ಬಿಟ್ಟುಕೊಟ್ಟರು. ಮೊದಲು ಎಂಜಿನ್ ಆಯಿಲ್ ನೋಡಿದೆ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಗೆ ಸೇರಿದೆ ಅಂತ, ಅಲ್ಲೇ ಕೈ ಮುಗಿಯುತ್ತಿದ್ದೆ. ವೆಲ್ಡ್ ಕೆರೆದು ತೆಗೆದು, ಬಿರುಕು ಎದ್ದು ಕಾಣಲು ಡೈ (ಕೆಂಪು ಬಣ್ಣ) ಹೊಡೆದೆ. ಕಣ್ಣಿಗೆ 6 ಇಂಚು ಕಂಡಿದ್ದು ಕೆಂಪು ಗೆರೆಯಲ್ಲಿ 9ರ ಹತ್ತಿರ ಹೋಯಿತು. ಎರಡೂ ತುದಿಗೆ ತೂತು ಹೊಡೆದು ಬಿರುಕಿನ ಓಟ ನಿಲ್ಲಿಸಿದೆ. ಈ ತುದಿ ತಪ್ಪಿದರೆ ಉಳಿದದ್ದೆಲ್ಲ ದಂಡ.

ಬಿರುಕಿಗೆ ಅಡ್ಡಲಾಗಿ ಜಿಗ್ (ತೂತಿನ ಅಚ್ಚು) ಇಟ್ಟು ತೂತು, ಅದರಲ್ಲಿ ಕೀ (ಲೋಹದ ಬೀಗದ ತುಂಡು) ಕೂರಿಸಿ ಪದರ ಪದರವಾಗಿ ಬಡಿಯುವುದು. ಆಮೇಲೆ ಬಿರುಕಿನ ಉದ್ದಕ್ಕೆ 8 ಎಂಎಂ ಸ್ಟಡ್, ಅಂದರೆ ತಲೆಯಿಲ್ಲದ ಬೋಲ್ಟು. ಒಂದು ಸ್ಟಡ್ ಹಿಂದಿನದನ್ನು ಸ್ವಲ್ಪ ಕಚ್ಚಿಕೊಂಡೇ ಕೂರಬೇಕು, ಬಲೆಯ ಕಣ್ಣು ಹೆಣೆದ ಹಾಗೆ. ನಲವತ್ತರ ಆಸುಪಾಸು ಹಿಡಿಯಿತು. ಸ್ಟಡ್ಡಿಗೆ ಏನು ಹಚ್ಚಿದೆ, ಯಾವ ಕಡೆಯಿಂದ ಶುರು ಮಾಡಿದೆ ಅನ್ನೋದು ನನ್ನ ಹೊಟ್ಟೆಪಾಡು, ಕೇಳಬೇಡಿ.

ಇದಕ್ಕೂ ಮೊದಲು ಗುಜರಿಯಿಂದ ಬ್ಲಾಕ್ ತಂದು ತಾಮ್ರದ ಸ್ಟಡ್ ಹಾಕಿ ನೋಡಿದ್ದೆ. ಮೆತ್ತಗೆ, ಚೆನ್ನಾಗಿ ಕೂರುತ್ತದೆ. ಉಪ್ಪುನೀರು ತುಂಬಿಟ್ಟೆ. ಕೆಲವು ತಿಂಗಳಲ್ಲಿ ತಾಮ್ರ ಹಾಗೇ ಇತ್ತು, ಸುತ್ತಲಿನ ಬೀಡು ತಿಂದುಹೋಗಿತ್ತು.

ಕೊನೆಗೆ ಬಿಸಿನೀರು ತುಂಬಿ 3 ಕೆಜಿ ಪ್ರೆಶರ್ ಕೊಟ್ಟು ರಾತ್ರಿಯಿಡೀ ಬಿಟ್ಟೆ. ಬಿಸಿನೀರೇ ಯಾಕೆ ಅಂದರೆ, ತಣ್ಣೀರಿಗೆ ಬಾಯಿ ಮುಚ್ಚಿಕೊಂಡಿದ್ದು ಬಿಸಿಗೆ ತೆರೆಯುತ್ತದೆ. ಪ್ರೆಶರ್ ಮೀಟರಿನ ಮುಳ್ಳು ಅಲುಗಲಿಲ್ಲ. ಎಲ್ಲ ಸೇರಿ 60 ಸಾವಿರ ತಗೊಂಡೆ, ಮಾಲೀಕರು ಚೌಕಾಸಿ ಮಾಡಲಿಲ್ಲ.

ಈ ಮಳೆಗಾಲಕ್ಕೆ ಇನ್ನೆರಡು ಬ್ಲಾಕ್ ಬಂದಿವೆ. ಒಂದನ್ನು ಹಿಡಿದಿದ್ದೇನೆ. ಇನ್ನೊಂದು, ಕ್ರ್ಯಾಂಕ್ ಶಾಫ್ಟ್ ಹೊರುವ ಮೇನ್ ಬೇರಿಂಗ್ ಕೂರುವಲ್ಲೇ ಸೀಳಿದೆ, ಅಲ್ಲಿ ನನ್ನ ಹೊಲಿಗೆ ನಿಲ್ಲುವುದಿಲ್ಲ. ಗುಜರಿಗೆ ಹಾಕಿ ಅಂದೆ. ಅವರು ಇನ್ನೂ ವೆಲ್ಡರ್ ಹುಡುಕುತ್ತಿದ್ದಾರೆ.